ಎರಡು ಚೌಕಿಗಳ ನಡುವೆ ಒಂದು ಹೆಸರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನುಶಿಯ ಹತ್ತಿರ ಮುತ್ತು ಯಾವ ಕಾಲದಲ್ಲೂ ಇರಲಿಲ್ಲ. ಮಾತು ಮಾತ್ರ ಧಾರಾಳವಾಗಿತ್ತು. ಅದನ್ನು ಅವನು ಗ್ರೀಕರ ಚೌಕಿಯ ಮೇಜಿನ ಮುಂದೆ ಕಾಫಿಯ ಬಟ್ಟಲು ಹಿಡಿದು ಕೂತು, ಒಂದು ಗಂಟೆಯ ಕಾಲ ಆಡಿದ. ಅದರ ಫಲವಾಗಿ ಈಗ ಇಪ್ಪತ್ತೆಂಟು ಜನ, ಏಳುನೂರು ಚಿಲ್ಲರೆ ಕುರಿ, ಹದಿನಾಲ್ಕು ಹೇಸರಗತ್ತೆ, ಆರು ನಾಯಿ ಎರಡು ಚೌಕಿಗಳ ನಡುವಿನ ಕಣಿವೆಯಲ್ಲಿ ಸಿಕ್ಕಿಬಿದ್ದು ಮೂರು ದಿನವಾಗಿತ್ತು.

ಮೇಲಿನ ಚೌಕಿ ಸೆರ್ಬರದು. 'ಹೊರಗೆ ಹೋದರು' ಎಂದು ಅವರು ಮೊಹರು ಒತ್ತಿಯಾಗಿತ್ತು. ಕೆಳಗಿನದು ಗ್ರೀಕರದು, ಅವರು ಒಳಗೆ ಬಿಡುತ್ತಿರಲಿಲ್ಲ. ನಡುವೆ ಅರ್ಧ ಗಂಟೆಯ ದಾರಿ, ಒಂದು ತೊರೆ, ಒಂದಷ್ಟು ಬೀಚ್ ಮರ. ಎರಡು ವರ್ಷದ ಹಿಂದೆ ಇಲ್ಲಿ ಚೌಕಿಯೂ ಇರಲಿಲ್ಲ, ಗಡಿಯೂ ಇರಲಿಲ್ಲ. ತುರ್ಕಿಯ ಸುಲ್ತಾನನ ಕಾಲದಲ್ಲಿ ಬೆಟ್ಟವೂ ಅವನದೇ, ಬಯಲೂ ಅವನದೇ. ವಸಂತದಲ್ಲಿ ಸಂತ ಜಾರ್ಜನ ಹಬ್ಬಕ್ಕೆ ಕುರಿ ಹೊಡೆದುಕೊಂಡು ಬೆಟ್ಟ ಹತ್ತುವುದು, ಚಳಿಗೆ ಮುಂಚೆ ಸಂತ ದಿಮಿತ್ರಿಯ ಹಬ್ಬಕ್ಕೆ ಬಯಲಿಗೆ ಇಳಿಯುವುದು. ಅಜ್ಜಂದಿರ ಅಜ್ಜಂದಿರು ಮಾಡಿಕೊಂಡು ಬಂದದ್ದು ಇಷ್ಟೇ. ಆಮೇಲೆ ಯುದ್ಧವಾಗಿ ಸುಲ್ತಾನ ಹೋದ, ಅವನು ಕೂತಿದ್ದ ಜಾಗಕ್ಕೆ ಇಬ್ಬರು ರಾಜರು ಬಂದು ಕೂತರು. ಬೇಸಿಗೆಯ ಹುಲ್ಲು ಒಬ್ಬನ ಪಾಲಿಗೆ ಹೋಯಿತು, ಚಳಿಗಾಲದ ಹುಲ್ಲು ಇನ್ನೊಬ್ಬನ ಪಾಲಿಗೆ. ಈ ಸಂಗತಿಯನ್ನು ಕುರಿಗಳಿಗೆ ಯಾರೂ ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ ನುಶಿ ಡೇರೆಯಿಂದ ಹೊರಗೆ ಬಂದು ಮೊದಲು ನೋಡಿದ್ದು ಬೆಟ್ಟದ ನೆತ್ತಿಯನ್ನು. ಹಿಮದ ಬಿಳಿ ಮೊನ್ನೆ ಶಿಖರದ ಮೇಲಿತ್ತು, ನಿನ್ನೆ ಅದರ ಹೆಗಲಿಗೆ ಇಳಿದಿತ್ತು, ಇವತ್ತು ಬೀಚ್ ಮರಗಳ ಮೇಲಿನ ಸಾಲನ್ನು ಮುಟ್ಟಿತ್ತು. ಇನ್ನು ಎರಡು ಕೂಗಳತೆ ಅಷ್ಟೆ. ಕಣಿವೆಯೊಳಗೆ ಹಿಮ ತುಂಬಿದರೆ ಕುರಿ ನಿಂತಲ್ಲೇ ಸಾಯುತ್ತದೆ, ಅದರಲ್ಲೂ ಇವು ಗಬ್ಬದ ಕುರಿಗಳು. ಹುಲ್ಲು ಮೊದಲ ದಿನವೇ ಮುಗಿದಿತ್ತು. ಎರಡನೆಯ ದಿನ ಅವು ಉದುರಿದ ಎಲೆ ತಿಂದವು. ಈಗ ಮರದ ತೊಗಟೆ ಕಚ್ಚುತ್ತಿದ್ದವು. ತೊಗಟೆ ಎಟುಕದ ಕುರಿಗಳು ಪಕ್ಕದ ಕುರಿಯ ಬೆನ್ನಿನ ಉಣ್ಣೆಯನ್ನೇ ಕಿತ್ತು ಜಗಿಯುತ್ತಿದ್ದವು. ನುಶಿ ಮೇಷ್ಟರ ಕೆಲಸದವನಾದರೂ ಕುರಿಯ ನಡುವೆ ಹುಟ್ಟಿದವನು. ಕುರಿ ಉಣ್ಣೆ ತಿನ್ನತೊಡಗಿದ ಮೇಲೆ ಎಷ್ಟು ದಿನ ಬದುಕುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡೇರೆಯೊಳಗೆ ಅವನ ಹೆಂಡತಿ ಸಿರ್ಮಾ ಡೇರೆಯ ಬಟ್ಟೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಅವಳು ತುಂಬು ಬಸುರಿ. ಕೂಸು ಅಡ್ಡ ತಿರುಗಿದೆ ಎಂದು ಅವಳ ಸೋದರತ್ತೆ ದೆಸ್ಪಾ ನಿನ್ನೆ ಹೊಟ್ಟೆ ಮುಟ್ಟಿ ನೋಡಿ ಹೇಳಿದ್ದಳು. ದೆಸ್ಪಾ ಹದಿನೆಂಟು ವರ್ಷದಿಂದ ಕಪ್ಪು ತಲೆವಸ್ತ್ರ ಕಟ್ಟಿದ ವಿಧವೆ, ಮಂದೆಯ ಸೂಲಗಿತ್ತಿ. ನಾನೂರು ಕೂಸು ಹಿಡಿದ ಕೈ ಅವಳದು.

"ನನ್ ಕೈಲಿ ಆಗಲ್ಲ ಇದು," ಎಂದಿದ್ದಳು ನುಶಿಯನ್ನು ಹೊರಗೆ ಕರೆದು. "ಕೆಳಗೆ ಊರಲ್ಲಿ ಡಾಕ್ಟ್ರಿದಾರೆ. ಇವತ್ತೋ ನಾಳೆಯೋ ಕರ್ಕೊಂಡ್ ಹೋಗ್ಬೇಕು. ಇಲ್ಲಾಂದ್ರೆ ಎರಡು ಗುಂಡಿ ತೋಡಿಸು."

ದೆಸ್ಪಾಗೆ ಮಾತನ್ನು ಮೆತ್ತಗೆ ಆಡಿ ಅಭ್ಯಾಸವಿಲ್ಲ.

ತೊರೆಯ ದಂಡೆಯಲ್ಲಿ ನುಶಿಯ ಮಾವ ಝೀಕು ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದ. ಝೀಕು ಮಂದೆಯ ಯಜಮಾನ. ಎಲ್ಲಿ ಇಳಿಯಬೇಕು, ಯಾವಾಗ ಹೊರಡಬೇಕು, ಯಾರ ಮಗಳನ್ನು ಯಾರಿಗೆ ಕೊಡಬೇಕು ಎಲ್ಲವೂ ಅವನ ಬಾಯಿಂದಲೇ ಬರಬೇಕು. ಓದು ಬರಹ ಬಾರದವನು. ಆದರೆ ಏಳುನೂರು ಕುರಿಗಳ ಮುಖ ಬೇರೆಬೇರೆಯಾಗಿ ಗುರುತು ಹಿಡಿಯುತ್ತಿದ್ದ. ಓದಿದ ಅಳಿಯ ಬೇಕು ಎಂದು ಹಟ ಹಿಡಿದು ನುಶಿಗೆ ಮಗಳನ್ನು ಕೊಟ್ಟವನೂ ಅವನೇ. ಮೂರು ದಿನದಿಂದ ಆ ಹಟಕ್ಕೆ ತನ್ನನ್ನು ತಾನೇ ಬೈದುಕೊಳ್ಳಲಾರದೆ ಅಳಿಯನನ್ನು ಕುಟುಕುತ್ತಿದ್ದ.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ. ಆ ಪೋಲೆಂಡಿನೋರು ನಮ್ ಹೆಸರನ್ನ ಯಾವುದಕ್ಕೋ ಇಟ್ಟವ್ರೆ ಅಂದ್ರಲ್ಲ, ಯಾವುದಕ್ಕೆ ಅದು?"

ನುಶಿ ಬೆಂಕಿಗೆ ಒಂದು ಕಡ್ಡಿ ಹಾಕಿದ.

"ಹೇಳಿ ಪರವಾಗಿಲ್ಲ. ಕುರಿಗಳೂ ಕೇಳಿಸ್ಕೊಳ್ಳಲಿ."

"ಬೀಜ ಒಡೆದ ಕುದುರೆಗೆ, ಮಾವ."

"ಹಾಂ. ನೋಡಿ, ಪೋಲೆಂಡಿನೋರು ಬುದ್ಧಿವಂತ್ರು. ದೂರದಲ್ಲಿದ್ರೂ ನಮ್ ಗತಿ ಹಿಂಗಾಗುತ್ತೆ ಅಂತ ಮೊದ್ಲೇ ಕಂಡಿದ್ರು."

ಸುತ್ತ ಕೂತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು. ನಗು ಬೇಗ ನಿಂತಿತು.

ನಡೆದದ್ದು ಹೀಗೆ. ಮೊದಲನೆಯ ದಿನ ಗ್ರೀಕರ ಚೌಕಿಯ ಗುಮಾಸ್ತ ದೊಡ್ಡ ಪುಸ್ತಕ ಬಿಚ್ಚಿಕೊಂಡು, ಯಾವ ಜನ ಎಂದು ಝೀಕುವನ್ನು ಕೇಳಿದ. ನಮ್ಮ ಜನ ತಮ್ಮೊಳಗೆ ತಮ್ಮನ್ನು ಅರ್ಮಾನ್ ಎಂದುಕೊಳ್ಳುತ್ತಾರೆ. ಹೊರಗಿನವರು ಕರೆಯುವುದು ವ್ಲಾಹ ಎಂದು. ಹೊರಗಿನವರು ಕೇಳಿದರೆ ಹೊರಗಿನವರ ಹೆಸರನ್ನೇ ಹೇಳಬೇಕು, ಅದು ರೂಢಿ. ಝೀಕು "ವ್ಲಾಹ" ಎಂದ. ಗುಮಾಸ್ತ ನಕ್ಕ.

"ಅದು ಗೊತ್ತಾಯ್ತಜ್ಜ, ಕುರಿ ವಾಸ್ನೆ ಮೇಜಿನ ತನಕ ಬರ್ತಿದೆ. ನಾನು ಕೆಲಸ ಕೇಳ್ಲಿಲ್ಲ, ಯಾವ ಜನ ಅಂತ ಕೇಳ್ದೆ."

ಗ್ರೀಕರ ಬಾಯಲ್ಲಿ ವ್ಲಾಹ ಎಂದರೆ ಕುರಿ ಕಾಯುವವನು. ಸಿಟ್ಟು ಬಂದಾಗ ಗಮಾರ. ಇದು ಝೀಕುವಿಗೂ ಗೊತ್ತು. ಎರಡು ದಿನ ಮೊದಲು ಇಳಿದಿದ್ದ ಇನ್ನೊಂದು ಮಂದೆಯವರು "ಗ್ರೀಕರು ಸ್ವಾಮಿ" ಎಂದು ಹೇಳಿ, ಟೋಪಿ ತೆಗೆದು, ಕಾಲು ಗಂಟೆಯಲ್ಲಿ ದಾಟಿ ಹೋಗಿದ್ದರು. ಝೀಕುವೂ ಅದೇ ಮಾತಿಗೆ ಬಾಯಿ ತೆರೆದಿದ್ದ. ಅಷ್ಟರಲ್ಲಿ ನುಶಿ ಮುಂದೆ ಬಂದ. ಗುಮಾಸ್ತನ ನಗು ಅವನಿಗೆ ಚುಚ್ಚಿತ್ತು.

"ತಪ್ಪು ತಿಳ್ಕೊಂಡಿದೀರಿ," ಎಂದ ಅವನು ಶುದ್ಧ ಗ್ರೀಕಿನಲ್ಲಿ. "ಅದು ಕೆಲಸದ ಹೆಸರಲ್ಲ. ಆ ಮಾತಿನ ಚರಿತ್ರೆ ನಿಮಗೆ ಗೊತ್ತಿದ್ರೆ ನಗ್ತಿರಲಿಲ್ಲ."

ಒಳಗಿದ್ದ ಅಧಿಕಾರಿ ಇದನ್ನು ಕೇಳಿ ಹೊರಗೆ ಬಂದ. ಎಳೆಯ ವಯಸ್ಸಿನವನು. ಕಾನೂನು ಓದುತ್ತಿದ್ದವನನ್ನು ಯುದ್ಧ ಎಳೆದು ತಂದು ಈ ಕಾಡಿನಲ್ಲಿ ಕೂರಿಸಿತ್ತು. ಓದಿದವನೊಬ್ಬ ಸಿಕ್ಕಿದನೆಂದು ಅವನಿಗೆ ಖುಷಿ. ಕುರ್ಚಿ ಕೊಟ್ಟ, ಕಾಫಿ ತರಿಸಿದ. ನುಶಿ ಎದೆಯೊಳಗಿಂದ ನೋಟುಪುಸ್ತಕ ತೆಗೆದ.

ಆ ಪುಸ್ತಕಕ್ಕೆ ಹನ್ನೊಂದು ವರ್ಷ ವಯಸ್ಸು. ಅದರಲ್ಲಿ ಇದ್ದದ್ದು ಒಂದೇ ಒಂದು ಮಾತು. ಮೊನಾಸ್ತಿರ್ ಪಟ್ಟಣದ ಶಾಲೆಯಲ್ಲಿ ಓದುವಾಗ ನುಶಿಗೆ ಹಿಡಿದ ಹುಚ್ಚು ಅದು. ನಮ್ಮನ್ನು ಜನ ಯಾಕೆ ಹೀಗೆ ಕರೆಯುತ್ತಾರೆ ಎಂದು ಕೇಳುತ್ತಾ ಕೇಳುತ್ತಾ ಅವನು ಜರ್ಮನ್ ಕಲಿತ, ಅಲ್ಲಿಯ ಪ್ರೊಫೆಸರ್ ಒಬ್ಬರಿಗೆ ಕಾಗದ ಬರೆದ, ಸಂತೆಗೆ ಬಂದ ವ್ಯಾಪಾರಿಗಳನ್ನೂ ಸೈನಿಕರನ್ನೂ ತಡೆದು ನಿಲ್ಲಿಸಿ ನಿಮ್ಮಲ್ಲಿ ಈ ಮಾತಿಗೆ ಏನರ್ಥ ಎಂದು ಪೀಡಿಸಿದ. ಸಿಕ್ಕಿದ್ದನ್ನೆಲ್ಲ ಬರೆದಿಟ್ಟ.

ಅಧಿಕಾರಿಗೆ ಅವನು ಎಲ್ಲವನ್ನೂ ಹೇಳಿದ. ಇಂಗ್ಲಿಷರ ದ್ವೀಪದಲ್ಲಿ ಇದೇ ಮಾತು ವೆಲ್ಶ್ ಆಗಿ, ಪಶ್ಚಿಮದ ಗುಡ್ಡದಲ್ಲಿರುವ ಹಳಬರ ಹೆಸರಾಗಿದೆ. ಜರ್ಮನರಿಗೆ ಅದು ಇಟಲಿಯವನೂ ಹೌದು, ಫ್ರೆಂಚಿನವನೂ ಹೌದು. ದಕ್ಷಿಣದಿಂದ ಬಂದ ಅಕ್ರೋಟಿನ ಕಾಯಿಗೂ ಅವರು ಅದೇ ಹೆಸರನ್ನು ಅಂಟಿಸಿದರು. ಪೋಲೆಂಡಿನವರು ಇಡೀ ಇಟಲಿ ದೇಶವನ್ನೇ ಹಾಗೆ ಕರೆಯುತ್ತಾರೆ, ಬೀಜ ಒಡೆದ ಕುದುರೆಯನ್ನೂ. ಹಂಗೇರಿಯವರು ಅದನ್ನು ಎರಡಾಗಿ ಸೀಳಿ ಒಂದು ಹೋಳನ್ನು ಇಟಲಿಯವನಿಗೂ ಇನ್ನೊಂದನ್ನು ರುಮೇನಿಯದವನಿಗೂ ಕೊಟ್ಟರು. ದಾಲ್ಮಾತಿಯದ ದ್ವೀಪದ ಮೀನುಗಾರನಿಗೆ ಒಳನಾಡಿನವನೆಲ್ಲ ವ್ಲಾಹ. ಬೋಸ್ನಿಯದಲ್ಲಿ ತನ್ನ ಇಗರ್ಜಿಗೆ ಬಾರದೆ ಬೇರೆ ಇಗರ್ಜಿಗೆ ಹೋಗುವ ನೆರೆಯವನು ವ್ಲಾಹ.

"ಮೂಲದಲ್ಲಿ ಅದು ಒಂದು ಬುಡಕಟ್ಟಿನ ಹೆಸರು ಅಂತಾರೆ ಪ್ರೊಫೆಸರ್," ಎಂದ ನುಶಿ. ಅವನ ಕಾಫಿ ಆರಿಹೋಗಿತ್ತು. "ಜರ್ಮನರ ಪಕ್ಕದಲ್ಲಿದ್ದೋರು. ಅವರು ಯಾವತ್ತೋ ಅಳಿದುಹೋದ್ರು. ಹೆಸರು ಮಾತ್ರ ಸಾಯಲಿಲ್ಲ. ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಏರ್ತಾ ಇಲ್ಲಿಗೆ ಬಂದು ನಮ್ಮ ಮೇಲೆ ಕೂತಿದೆ."

"ಇಷ್ಟು ಕಡೆ ಇಷ್ಟು ಅರ್ಥ," ಎಂದ ಅಧಿಕಾರಿ. "ಆದ್ರೆ ಎಲ್ಲದರಲ್ಲೂ ಸಾಮಾನ್ಯವಾದದ್ದು ಒಂದು ಇರಬೇಕಲ್ಲ, ಮೇಷ್ಟ್ರೇ?"

"ಇದೆ," ಎಂದ ನುಶಿ. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಕೇಳಿದ್ದಕ್ಕೆ ಅವನ ಕಣ್ಣು ಒದ್ದೆಯಾಯಿತು. "ನಮ್ಮವನಲ್ಲದವನು. ಯಾರು ಹೇಳಿದ್ರೂ, ಎಲ್ಲಿ ಹೇಳಿದ್ರೂ, ಅಷ್ಟೇ ಅರ್ಥ."

ಅಧಿಕಾರಿ ಮೆಚ್ಚಿ ತಲೆ ಆಡಿಸಿದ. ಅವನು ಗುಮಾಸ್ತನಿಗೆ ಏನೂ ಹೇಳಲಿಲ್ಲ. ಗುಮಾಸ್ತ ತಾನಾಗಿಯೇ ಬರೆದುಕೊಂಡಿದ್ದ: ಪರದೇಶದವರು, ಅವರದೇ ಹೇಳಿಕೆಯಂತೆ. ಪರದೇಶದವರಿಗೆ ಅವರವರ ದೊರೆಯ ಪಾಸ್‌ಪೋರ್ಟ್ ಬೇಕು. ನಿಮ್ಮ ದೊರೆ ಯಾರು ಎಂದು ಗುಮಾಸ್ತ ಕೇಳಿದ. ದೊರೆ ಇಲ್ಲ ಎಂದ ನುಶಿ, ಅದೂ ಸ್ವಲ್ಪ ಹೆಮ್ಮೆಯಿಂದ. ಅಷ್ಟು ಹೊತ್ತಿಗೆ ಗುಮಾಸ್ತನ ಪುಸ್ತಕದ ಸಾಲು ತಂತಿಯ ಮೂಲಕ ಪಟ್ಟಣದ ದೊಡ್ಡ ಕಚೇರಿಗೆ ಹೋಗಿತ್ತು. ಸಂಜೆಗೆ ಉತ್ತರ ಬಂತು: ಪಾಸ್‌ಪೋರ್ಟ್ ಇಲ್ಲದ ಪರದೇಶದವರನ್ನು ಬಿಡಕೂಡದು.

ಜಗತ್ತಿನಲ್ಲಿ ಬೇರೆ ಯಾವ ಜನರೂ ಈ ತಪ್ಪು ಮಾಡುತ್ತಿರಲಿಲ್ಲ. ಬೇರೆಯವರಿಗೆ ತಮ್ಮ ಹೆಸರಿನ ಅರ್ಥ ಹೇಳುವ ಅಗತ್ಯವೇ ಬೀಳುವುದಿಲ್ಲ.

ನುಶಿ ಬೆಂಕಿಯ ಹತ್ತಿರದಿಂದ ಎದ್ದು ಡೇರೆಗೆ ಹೋದ. ಸಿರ್ಮಾ ಎದ್ದು ಕೂತಿದ್ದಳು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಹಣೆಯ ನಡುವಿನ ಶಿಲುಬೆಯ ಹಚ್ಚೆ ಎಂದಿಗಿಂತ ಕಡುನೀಲಿಯಾಗಿ ಕಾಣುತ್ತಿತ್ತು.

"ಮೇಲಿನ ಚೌಕಿಗೆ ಹೋಗಿ ಬರ್ತೀನಿ," ಎಂದ ಅವನು. "ವಾಪಸ್ ತಗೊಳ್ಳಿ ಅಂತ ಕಾಲು ಹಿಡೀತೀನಿ."

"ನಿನ್ನೆ ಅಪ್ಪ ಹಿಡಿದಾಯ್ತು."

"ಇನ್ನೊಂದ್ಸಲ ನೋಡ್ತೀನಿ."

ಸಿರ್ಮಾ ಉಸಿರು ಬಿಗಿಹಿಡಿದು ನೋವು ಹಾದುಹೋಗುವ ತನಕ ಕಾದಳು. "ಒಂದು ಮಾತು ಕೇಳ್ಲಾ? ಆ ಪುಸ್ತಕದಲ್ಲಿ ಎಷ್ಟೊಂದು ದೇಶದೋರ ಮಾತು ಬರ್ಕೊಂಡಿದೀಯ. ನನ್ನ ಯಾವತ್ತಾದ್ರೂ ಕೇಳಿದೀಯಾ, ನಿಂಗೆ ಆ ಹೆಸರು ಹೇಗನ್ಸುತ್ತೆ ಅಂತ?"

ಅವನು ಕೇಳಿರಲಿಲ್ಲ.

"ನಂಗೇನೂ ಅನ್ಸಲ್ಲ," ಎಂದಳು ಅವಳು. "ಸಂತೇಲಿ ವ್ಲಾಹ ಅಂತ ಕೂಗಿದ್ರೆ ಚೀಸ್ ಬೇಕಾಗಿದೆ ಅಂತ ತಿಳ್ಕೊಂಡು ತಿರುಗಿ ನೋಡ್ತೀನಿ. ಅಷ್ಟೇ. ನೀನು ಒಂದೇ ಒಂದು ಸುಳ್ಳು ಹೇಳಿದ್ರೆ ಆಗ್ತಿತ್ತು, ನುಶಿ. ಎಲ್ಲಾರೂ ಹೇಳಿದ್ದೇ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮೇಲಿನ ಚೌಕಿಯಲ್ಲಿ ಅವನಿಗೆ ಒಳಗೆ ಕಾಲಿಡಲೂ ಬಿಡಲಿಲ್ಲ. ಮೀಸೆಯ ಜವಾನ ಒಳ್ಳೆಯವನೇ. ಒಂದು ತುಂಡು ರೊಟ್ಟಿ ಕೊಟ್ಟ, ತಂಬಾಕು ಕೊಟ್ಟ. ಆದರೆ ಹೋದವರ ಲೆಕ್ಕದಲ್ಲಿ ಸೇರಿದವರನ್ನು ಬಂದವರ ಲೆಕ್ಕದಲ್ಲಿ ಸೇರಿಸಲು ತನ್ನ ಮೇಲಿನವನಿಗೂ ಅಧಿಕಾರವಿಲ್ಲ ಎಂದ. ಸಂತ ಜಾರ್ಜನ ಹಬ್ಬಕ್ಕೆ ಗ್ರೀಕರ ಮೊಹರಿನ ಕಾಗದ ತಂದರೆ ಸಂತೋಷವಾಗಿ ಬಿಡುತ್ತೇವೆ ಎಂದ. ಸಂತ ಜಾರ್ಜನ ಹಬ್ಬಕ್ಕೆ ಇನ್ನೂ ಆರು ತಿಂಗಳಿತ್ತು.

ಇಳಿದು ಬರುವಾಗ ಮುಖಕ್ಕೆ ಏನೋ ತಣ್ಣಗೆ ತಾಗಿತು. ನುಶಿ ಕೈಯಿಂದ ಒರೆಸಿಕೊಂಡು ನೋಡಿದ. ನೀರು. ಹಿಮ ಕಣಿವೆಗೆ ಇಳಿದಿತ್ತು. ಅವನು ಓಡತೊಡಗಿದ. ತನ್ನ ಜನರ ನಡುವೆ ನಿಲ್ಲದೆ, ಯಾರಿಗೂ ಉತ್ತರ ಕೊಡದೆ, ನೇರವಾಗಿ ಕೆಳಗಿನ ಚೌಕಿಗೆ ಓಡಿದ.

ಅಧಿಕಾರಿ ಬಾಗಿಲಲ್ಲೇ ನಿಂತು ಆಕಾಶ ನೋಡುತ್ತಿದ್ದ. ಮೂರು ದಿನದಲ್ಲಿ ಅವನೂ ಕುಗ್ಗಿಹೋಗಿದ್ದ. ಪಟ್ಟಣಕ್ಕೆ ನಾಲ್ಕು ತಂತಿ ಕಳಿಸಿ ನಾಲ್ಕಕ್ಕೂ ಒಂದೇ ಉತ್ತರ ಪಡೆದಿದ್ದ.

"ನಿಮಗೆ ಯಾವ ಅರ್ಥ ಬೇಕೋ ಅದನ್ನ ಬರ್ಕೊಳ್ಳಿ," ಎಂದ ನುಶಿ ಏದುಸಿರಿನಲ್ಲಿ. "ಕುರಿ ಕಾಯೋರು ಅಂತ ಬರ್ಕೊಳ್ಳಿ, ಗಮಾರರು ಅಂತ ಬರ್ಕೊಳ್ಳಿ, ಗ್ರೀಕರು ಅಂತಾನೇ ಬರ್ಕೊಳ್ಳಿ. ನನ್ನ ಹೆಂಡ್ತಿ ಸಾಯ್ತಾ ಇದಾಳೆ."

"ಬರೆದಾಗಿರೋದನ್ನ ಹೊಡೆದು ಹಾಕೋಕೆ ನನಗೆ ಅಧಿಕಾರ ಇಲ್ಲ, ಮೇಷ್ಟ್ರೇ. ಕಾರಣ ಬೇಕು." ಅಧಿಕಾರಿ ಅವನನ್ನು ಒಳಗೆ ಕರೆದು ಬಾಗಿಲು ಮುಚ್ಚಿದ. "ಒಂದೇ ದಾರಿ ಇದೆ. ನಾನು ರಾತ್ರಿಯೆಲ್ಲ ಕಾನೂನು ಪುಸ್ತಕ ತಿರುವಿ ಹುಡುಕಿದ್ದು. ಮೊದಲನೇ ಹೇಳಿಕೆ ಸುಳ್ಳು ಅಂತ ರುಜುವಾದ್ರೆ ಆ ಸಾಲು ತಾನಾಗೇ ಬಿದ್ದುಹೋಗುತ್ತೆ. ಹೇಳಿದೋನೇ ಬರೆದುಕೊಡಬೇಕು."

"ಏನಂತ?"

"ಈ ಜನ ಹುಟ್ಟಿನಿಂದ ಗ್ರೀಕರು. ಇವರಿಗೆ ಬೇರೆ ಹೆಸರಿದೆ ಅಂತ ತಲೆ ಕೆಡಿಸಿದ್ದು ನಾನು. ಆ ಪುಸ್ತಕದಲ್ಲಿರೋದೆಲ್ಲ ನಾನೇ ಕಟ್ಟಿದ ಕತೆ. ಪುಸ್ತಕವನ್ನ ಸಾಕ್ಷಿಗೆ ಇಲ್ಲೇ ಬಿಡಬೇಕು."

"ಬರ್ಕೊಡ್ತೀನಿ."

"ಪೂರ್ತಿ ಕೇಳಿ. ಗಡೀಲಿ ಸುಳ್ಳು ಸಾಕ್ಷಿ ಹೇಳಿದೋನನ್ನ ಈ ರಾಜ್ಯದೊಳಗೆ ಬಿಟ್ಕೊಳ್ಳೋ ಹಾಗಿಲ್ಲ. ಇವತ್ತಲ್ಲ, ಯಾವತ್ತೂ. ಅವರು ದಾಟ್ತಾರೆ. ನೀವು ದಾಟಲ್ಲ."

"ಮೇಲಿನೋರು ನನ್ನ ತಗೊಳ್ಳಲ್ಲ."

ಅಧಿಕಾರಿ ಕಿಟಕಿಯ ಕಡೆ ನೋಡಿದ. "ಒಬ್ಬನೇ ಆದ್ರೆ ತಗೋಬಹುದು," ಎಂದ. ಅದನ್ನು ಅವನೂ ನಂಬಿರಲಿಲ್ಲ, ನುಶಿಯೂ ನಂಬಲಿಲ್ಲ. ಇಬ್ಬರೂ ನಂಬಿದವರ ಹಾಗೆ ತಲೆ ಆಡಿಸಿದರು.

ನುಶಿ ಕಣಿವೆಗೆ ಬಂದು ಸುದ್ದಿ ಹೇಳಿದಾಗ ಯಾರೂ ಹಾಳಾದ ಪುಸ್ತಕ ಹೋಗಲಿ ಬಿಡು ಎನ್ನಲಿಲ್ಲ. ಎಲ್ಲರೂ ಝೀಕುವಿನ ಮುಖ ನೋಡಿದರು. ಮೂರು ದಿನದಿಂದ ಅಳಿಯನನ್ನು ಸೀಳುತ್ತಿದ್ದ ಮುದುಕ ಕೋಲು ಊರಿಕೊಂಡು ಎದ್ದು ನಿಂತ.

"ಆಗಲ್ಲ," ಎಂದ. "ನನ್ ಮಂದೆ ಒಬ್ಬನ್ನ ಬಿಟ್ಟು ಇಳಿದದ್ದಿಲ್ಲ. ಕುಂಟು ಕುರಿನೂ ಬಿಟ್ಟೋನಲ್ಲ ನಾನು, ಹೆಗಲ ಮೇಲೆ ಹೊತ್ತು ತಂದೋನು. ನಾನೇ ಸುಳ್ಳು ಹೇಳ್ದೆ ಅಂತ ಬರೀಲಿ. ವ್ಲಾಹ ಅಂತ ಮೊದಲು ಬಾಯಿ ಬಿಟ್ಟೋನು ನಾನಲ್ವಾ."

"ನಿಮ್ಗೆ ಬರೆಯೋಕೆ ಬರಲ್ಲ, ಮಾವ."

"ಹೆಬ್ಬೆಟ್ಟು ಒತ್ತೀನಿ."

"ಪುಸ್ತಕ ನಂದು. ಅವರಿಗೆ ನಾನೇ ಬೇಕು."

ಝೀಕು ಅಳಿಯನ ತೋಳು ಹಿಡಿದುಕೊಂಡ. ಮುದುಕನ ಹಿಡಿತ ಬಿಗಿಯಾಗಿತ್ತು. "ನಾನು ಅಂದ ಮಾತೆಲ್ಲ ತಮಾಷೆಗೆ ಅಂದದ್ದು ಕಣಪ್ಪ," ಎಂದ. ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಡೇರೆಯೊಳಗಿಂದ ಸಿರ್ಮಾಳ ನರಳಾಟ ಕೇಳಿತು. ಮುದುಕನ ಕೈ ತಾನಾಗಿಯೇ ಸಡಿಲವಾಯಿತು. ಅವನು ಯಜಮಾನನೂ ಹೌದು, ತಂದೆಯೂ ಹೌದು. ತಂದೆ ಗೆದ್ದ.

ನುಶಿ ಡೇರೆಯೊಳಗೆ ಹೋಗಿ ಸಿರ್ಮಾಳ ಪಕ್ಕದಲ್ಲಿ ಮಂಡಿಯೂರಿ ಕೂತ. ಸಂತ ಜಾರ್ಜನ ಹಬ್ಬಕ್ಕೆ ನೀನು ಕೂಸನ್ನು ಕಟ್ಟಿಕೊಂಡು ಬೆಟ್ಟಕ್ಕೆ ಬರುತ್ತೀಯ, ನಾನು ಮೇಲೆ ಕಾದಿರುತ್ತೇನೆ, ಆರು ತಿಂಗಳು ದೊಡ್ಡದಲ್ಲ ಎಂದ. ಬೇಸಿಗೆ ಇಡೀ ಒಟ್ಟಿಗೆ ಇರಬಹುದು, ಸೈನ್ಯಕ್ಕೆ ಹೋದವರ ಹೆಂಡಿರು ಗಂಡನನ್ನು ಇದಕ್ಕಿಂತ ಕಡಿಮೆ ಕಾಣುತ್ತಾರೆ ಎಂದ. ಸಿರ್ಮಾ ಅವನ ಕಿವಿಯ ಹಿಂದೆ ಅಂಟಿದ್ದ ಒಣಎಲೆಯ ಚೂರನ್ನು ತೆಗೆದಳು.

"ಈಗ ಸುಳ್ಳು ಚೆನ್ನಾಗಿ ಹೇಳ್ತೀಯ," ಎಂದಳು. ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಒಳಗೆ ಕೂಸು ಒದೆಯುತ್ತಿತ್ತು. ಇನ್ನೂ ಒದೆಯುತ್ತಿದೆ ಎಂಬುದೇ ಅವನಿಗೆ ದೊಡ್ಡದಾಗಿ ಕಂಡಿತು.

ಮಧ್ಯಾಹ್ನದ ಹೊತ್ತಿಗೆ ಅವನು ಬರೆದುಕೊಟ್ಟ. ದುಂಡಾದ ಶಾಲೆಯ ಅಕ್ಷರ. ಪುಸ್ತಕ ಕಟ್ಟುಕತೆ ಎಂಬ ಸಾಲಿಗೆ ಅವನ ಕೈ ನಿಲ್ಲಲಿಲ್ಲ. ಅದು ನಿಂತೇ ನಿಲ್ಲುತ್ತದೆ ಎಂದು ಅವನು ಹೆದರಿದ್ದ. ಇವರು ಹುಟ್ಟಿನಿಂದ ಗ್ರೀಕರು ಎಂಬ ಸಾಲಿಗೆ ಮಾತ್ರ ನಿಂತಿತು. ಝೀಕುವಿನ ಬೈಗುಳ, ದೆಸ್ಪಾಳ ಜೋಗುಳ, ಕುರಿ ಕರೆಯುವ ಕೂಗು, ಸಿರ್ಮಾ ಅವನನ್ನು ಮೊದಲ ಸಲ ಏಕವಚನದಲ್ಲಿ ಕರೆದದ್ದು, ಎಲ್ಲವೂ ಒಂದು ಭಾಷೆಯಲ್ಲಿ ನಡೆದಿತ್ತು. ಆ ಭಾಷೆ ಇಲ್ಲವೇ ಇಲ್ಲ ಎಂದು ಅವನು ಬರೆದು ಸಹಿ ಹಾಕಿದ.

ಹಿಮ ಬೀಳತೊಡಗಿತ್ತು, ಇನ್ನೂ ನೆಲದಲ್ಲಿ ನಿಲ್ಲುವಷ್ಟಲ್ಲ. ಮುಂದಾಳು ಟಗರಿನ ಗಂಟೆ ಕೇಳಿದ್ದೇ ತಡ, ಹಸಿದ ಮಂದೆ ಎದ್ದು ಚೌಕಿಯ ಪಕ್ಕದ ಇಳಿಜಾರಿನಲ್ಲಿ ನುಗ್ಗಿ ಇಳಿಯಿತು. ಕುರಿಗಳಿಗೆ ಯಾರೂ ಹೆಸರು ಕೇಳಲಿಲ್ಲ. ಜನ ಒಬ್ಬೊಬ್ಬರಾಗಿ ಮೇಜಿನ ಮುಂದೆ ನಿಂತರು. 'ಗ್ರೀಕ', 'ಗ್ರೀಕ', 'ಗ್ರೀಕ' ಎಂದು ಗುಮಾಸ್ತ ಬರೆಯುತ್ತಾ ಹೋದ. ನುಶಿ ಚೌಕಿಯ ಅಡ್ಡಗಂಬದ ಈಚೆ, ಹತ್ತು ಹೆಜ್ಜೆ ದೂರದಲ್ಲಿ ಇಬ್ಬರು ಸೈನಿಕರ ನಡುವೆ ನಿಂತಿದ್ದ.

ಕೊನೆಗೆ ಸಿರ್ಮಾಳ ಹೇಸರಗತ್ತೆ ಬಂತು. ಒಂದು ಪಕ್ಕಕ್ಕೆ ಝೀಕು, ಇನ್ನೊಂದು ಪಕ್ಕಕ್ಕೆ ದೆಸ್ಪಾ ಅವಳನ್ನು ಹಿಡಿದಿದ್ದರು. ಗುಮಾಸ್ತ ಹೆಸರು ಬರೆದ, ತಂದೆಯ ಹೆಸರು ಬರೆದ. "ಗಂಡ?" ಎಂದ.

ಝೀಕು ಅಡ್ಡಗಂಬದ ಕಡೆ ಕೈ ತೋರಿಸಿದ.

ಗುಮಾಸ್ತ ಲೇಖನಿ ಕೆಳಗಿಟ್ಟ. "ಇವಳು ಮೇಷ್ಟ್ರ ಹೆಂಡ್ತಿಯಾ? ಹಾಗಾದ್ರೆ ಆಗಲ್ಲ. ಸುಳ್ಳು ಸಾಕ್ಷಿ ಹೇಳಿದೋನ ಮನೆಯೋರಿಗೂ ಅದೇ ನಿಯಮ. ಗಂಡ ಎಲ್ಲೋ ಹೆಂಡ್ತಿ ಅಲ್ಲೇ."

ಅಧಿಕಾರಿ ಕಾನೂನು ಪುಸ್ತಕ ಎಳೆದುಕೊಂಡು ಓದಿದ. ಇನ್ನೊಮ್ಮೆ ಓದಿದ. ರಾತ್ರಿಯೆಲ್ಲ ಹುಡುಕುವಾಗ ಈ ಸಾಲು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವನ ಮುಖ ಕಪ್ಪಿಟ್ಟಿತು. ನುಶಿಗೆ ಮಾತು ಕೇಳಿಸಿತ್ತು. ಅವನು ಮುಂದೆ ನುಗ್ಗಿದ, ಸೈನಿಕರು ಅಡ್ಡ ಹಿಡಿದರು. "ನಾನು ಬರೆದದ್ದು ಇವಳಿಗೋಸ್ಕರ," ಎಂದು ಅವನು ಕೂಗುತ್ತಿದ್ದ. "ಸ್ವಾಮಿ, ನಾನು ಬರೆದದ್ದೇ ಇವಳಿಗೋಸ್ಕರ."

ಹೇಸರಗತ್ತೆಯ ಮೇಲೆ ಸಿರ್ಮಾ ಬಾಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ಬೇಡ ಬೇಡವೆಂದರೂ ಬಾಯಿಂದ ನರಳಿಕೆ ಹೊರಟಿತು.

ಆಗ ದೆಸ್ಪಾ ತನ್ನ ತಲೆಯ ಕಪ್ಪು ವಸ್ತ್ರವನ್ನು ಬಿಚ್ಚಿದಳು. ಹದಿನೆಂಟು ವರ್ಷದಲ್ಲಿ ಅವಳ ನರೆಗೂದಲನ್ನು ಗಂಡಸರು ನೋಡಿದ್ದು ಅದೇ ಮೊದಲು. ಸಿರ್ಮಾಳ ಕೆಂಪು ತಲೆವಸ್ತ್ರವನ್ನು ಎಳೆದು ಹಾಕಿ, ಕಪ್ಪನ್ನು ಅವಳ ತಲೆಗೆ ಸುತ್ತಿ, ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿದಳು. ಝೀಕು "ದೆಸ್ಪಾ, ಬೇಡ್ವೇ" ಎಂದ. ಬದುಕಿರುವ ಗಂಡನನ್ನು ಬಾಯಲ್ಲಿ ಸಾಯಿಸಿದ ಹೆಂಗಸು ನಮ್ಮಲ್ಲಿ ಇಲ್ಲ. ಕಪ್ಪನ್ನು ಒಮ್ಮೆ ಕಟ್ಟಿದರೆ ಬಿಚ್ಚುವ ಪದ್ಧತಿಯೂ ಇಲ್ಲ. ದೆಸ್ಪಾ ಅಣ್ಣನ ಮಾತು ಕೇಳದವಳಂತೆ ಗಂಟನ್ನು ಇನ್ನೂ ಬಿಗಿ ಮಾಡಿದಳು.

"ಹೇಳು," ಎಂದಳು ಸಿರ್ಮಾಳಿಗೆ.

ಸಿರ್ಮಾ ತಲೆ ಎತ್ತಿ ಅಡ್ಡಗಂಬದ ಕಡೆ ನೋಡಿದಳು. ನುಶಿ ಕೂಗುವುದನ್ನು ನಿಲ್ಲಿಸಿದ್ದ. ಅವನಿಗೆ ಎಲ್ಲವೂ ಅರ್ಥವಾಗಿತ್ತು. ಅವನು ತಲೆ ಆಡಿಸಿದ. ಹೇಳು ಎಂದು, ಬೇಗ ಹೇಳು ಎಂದು, ಎರಡು ಸಲ ಆಡಿಸಿದ.

"ಗಂಡ ಇಲ್ಲ," ಎಂದಳು ಅವಳು. "ಸತ್ತ."

ಗುಮಾಸ್ತ ಬಾಯಿ ತೆರೆದ. ಅಧಿಕಾರಿ ಅವನ ಭುಜದ ಮೇಲೆ ಕೈ ಇಟ್ಟು ಸುಮ್ಮನಾಗಿಸಿದ, ತಾನೇ ಲೇಖನಿ ಎತ್ತಿಕೊಂಡ. ಆ ಕಾಲಂ ಬರಿದಾಗಿ ಬಿಡುವಂತಿರಲಿಲ್ಲ.

"ಯಾವತ್ತು ತೀರಿಕೊಂಡ್ರು, ತಾಯಿ?" ಎಂದು ಕೇಳಿದ.

"ಇವತ್ತು."

ಅಧಿಕಾರಿ ತಾರೀಖು ಬರೆದ, ಮೊಹರು ಒತ್ತಿದ. ದೆಸ್ಪಾ ಬರಿದಲೆಯಲ್ಲೇ ಹೇಸರಗತ್ತೆಯ ಹಗ್ಗ ಹಿಡಿದು ಎಳೆದಳು. ನುಶಿ ನಿಂತಲ್ಲೇ ನಿಂತಿದ್ದ. ಕೈ ಎತ್ತಬೇಕೆಂದು ಅವನಿಗೆ ಪ್ರಾಣ ಹೋಗುವಷ್ಟು ಆಸೆಯಾಯಿತು. ಆದರೆ ಗುಮಾಸ್ತ ಅವನನ್ನೇ ನೋಡುತ್ತಿದ್ದ, ಸತ್ತವನು ಕೈ ಬೀಸುವ ಹಾಗಿರಲಿಲ್ಲ.